ನೀರಿಗಾಗಿ ಉಳಿದ ಕಾಡು

ಮುಂಬಯಿಯ ಬೊರಿವಲಿ ಸ್ಟೇಷನ್ನಿನಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಚಿರತೆಗಳಿರುವ ಕಾಡು ಸಿಗುತ್ತದೆ. ಅದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಸುಮಾರು 100 ಚದರ ಕಿಲೋಮೀಟರು, ಮೂರು ಕಡೆಗೂ ಊರು. ಅಡಿ ಜಾಗಕ್ಕೂ ಬೆಲೆ ಕಟ್ಟುವ ಊರಿನಲ್ಲಿ ಇಷ್ಟು ನೆಲ ಹೇಗೆ ಕಾಡಾಗಿಯೇ ಉಳಿಯಿತು? ಪ್ರಾಣಿಗಳ ಮೇಲಿನ ಪ್ರೀತಿಗಿಂತ ಊರಿನ ಬಾಯಾರಿಕೆ ಇದನ್ನು ಹೆಚ್ಚು ಕಾಯ್ದಿದೆ.

ಈ ಬೆಟ್ಟಗಳ ನೀರಿನ ಬೆಲೆಯನ್ನು ಕನ್ಹೇರಿಯ ಬೌದ್ಧ ಭಿಕ್ಷುಗಳು ಬಹಳ ಹಿಂದೆಯೇ ಅರಿತಿದ್ದರು. ಕಾಡಿನ ನಡುವೆ ಅವರು ಕೊರೆಸಿದ ನೂರಕ್ಕೂ ಹೆಚ್ಚು ಗುಹೆಗಳಿವೆ. ಅವುಗಳ ಬಳಿ ಮಳೆನೀರು ಹಿಡಿದಿಡಲು ಬಂಡೆಯಲ್ಲೇ ತೋಡಿದ ತೊಟ್ಟಿಗಳಿವೆ. ಇಲ್ಲಿನ 9ನೆಯ ಶತಮಾನದ ಶಾಸನಗಳಲ್ಲಿ ನಮಗೆ ಪರಿಚಿತವಾದ ಒಂದು ಹೆಸರೂ ಇದೆ: ರಾಷ್ಟ್ರಕೂಟ ಅಮೋಘವರ್ಷ, 'ಕವಿರಾಜಮಾರ್ಗ'ದ ಕಾಲದ ನೃಪತುಂಗ. ಆಗ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು.

ಸಾವಿರ ವರ್ಷ ಕಳೆದ ಮೇಲೆ ಬ್ರಿಟಿಷರ ಬೊಂಬಾಯಿಗೂ ಇದೇ ಬೆಟ್ಟಗಳ ನೀರು ಬೇಕಾಯಿತು. ಬೆಳೆಯುತ್ತಿದ್ದ ಊರಿಗೆ ಬಾವಿ, ಕೆರೆಗಳು ಸಾಲದಾದವು. 1860ರಲ್ಲಿ ಮಿಠಿ ನದಿಯ ಮೇಲ್ಭಾಗದಲ್ಲಿ ವಿಹಾರ ಕೆರೆ, 1879ರಲ್ಲಿ ಅದರ ಹತ್ತಿರವೇ ತುಳಸಿ ಕೆರೆ ಸಿದ್ಧವಾದವು. ಕುಡಿಯುವ ನೀರು ಕೆಡಬಾರದೆಂದರೆ ಸುತ್ತಲಿನ ಇಳಿಜಾರಿನಲ್ಲಿ ಬಡಾವಣೆ, ಕಾರ್ಖಾನೆ ಏಳಕೂಡದು. ಹೀಗೆ ಕೆರೆಯ ಕಾವಲಿನಲ್ಲಿ ಮರಗಳೂ ಉಳಿದವು. ಸ್ವಾತಂತ್ರ್ಯಕ್ಕೆ ಮೊದಲು ಇಲ್ಲಿ 'ಕೃಷ್ಣಗಿರಿ' ಎಂಬ ಹೆಸರಿನಲ್ಲಿದ್ದ ರಾಷ್ಟ್ರೀಯ ಉದ್ಯಾನ ಸುಮಾರು 20 ಚದರ ಕಿಲೋಮೀಟರಿನದು ಮಾತ್ರ. ಮುಂದೆ ಸುತ್ತಲಿನ ಮೀಸಲು ಅರಣ್ಯಗಳೂ ಸೇರಿ ಅದು ಇಂದಿನಷ್ಟು ಬೆಳೆಯಿತು.

ಇಂದು ಇಲ್ಲಿ 250ಕ್ಕೂ ಹೆಚ್ಚು ಬಗೆಯ ಹಕ್ಕಿಗಳಿವೆ. 2015ರಲ್ಲಿ ಉದ್ಯಾನ ಮತ್ತು ಅದರ ಅಂಚಿನಲ್ಲಿ ಕ್ಯಾಮೆರಾ ಇಟ್ಟು ನಡೆಸಿದ ಗಣತಿಯಲ್ಲಿ 35 ಚಿರತೆಗಳು ಕಂಡವು. ಅವುಗಳ ಆಹಾರದಲ್ಲಿ ಜಿಂಕೆಯ ಜತೆಗೆ ಬೀದಿನಾಯಿಯೂ ಇದೆ. ಆ ನಾಯಿ ಬದುಕುವುದು ನಾವು ಎಸೆದ ಕಸದ ಮೇಲೆ. ನಕ್ಷೆಯಲ್ಲಿ ಉದ್ಯಾನದ ಗಡಿ ಸ್ಪಷ್ಟ. ಚಿರತೆಗೆ ಆ ಗಡಿ ಗೊತ್ತಿಲ್ಲ. ಪಕ್ಕದ ಆರೆ ಕಾಲನಿಯಲ್ಲೂ ಅದು ಓಡಾಡುತ್ತದೆ. ಅದೇ ಆರೆಯಲ್ಲಿ 2019ರ ಅಕ್ಟೋಬರಿನಲ್ಲಿ ಮೆಟ್ರೋ ಶೆಡ್ಡಿಗಾಗಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದವು.

ಈಗ ಮುಂಬಯಿ ಕುಡಿಯುವುದು ಹೆಚ್ಚಾಗಿ ಭಾತ್ಸಾ, ವೈತರಣಾ, ತಾನ್ಸಾ ನೀರನ್ನು. ವಿಹಾರ, ತುಳಸಿ ಕೆರೆಗಳ ಪಾಲು ತೀರ ಸಣ್ಣದು. ಕಾಡನ್ನು ಉಳಿಸಿದ್ದ ಹಳೆಯ ಕಾರಣ ತೆಳುವಾಗಿದೆ ಅನ್ನಿಸಬಹುದು. ಆದರೆ 2005ರ ಜುಲೈ 26ರಂದು ಮಿಠಿ ಉಕ್ಕಿ ಊರು ಮುಳುಗಿದ್ದನ್ನು ಅಲ್ಲಿದ್ದ ಯಾರೂ ಮರೆತಿಲ್ಲ. ಮಳೆಯನ್ನು ಹೀರಿ ನಿಧಾನವಾಗಿ ಬಿಡುವ ನೆಲ ಕಡಿಮೆಯಾದಷ್ಟೂ ನೀರು ಬೇಗ ಊರಿಗೆ ಇಳಿಯುತ್ತದೆ. ಆಗ ಕುಡಿಯುವ ನೀರಿಗಾಗಿ ಬೇಕಿದ್ದ ಕಾಡು, ಈಗ ಅದೇ ನೀರಿನಲ್ಲಿ ಮುಳುಗದಿರಲು ಬೇಕು. ಮೊದಲ ಕಾರಣದ ಆಸರೆಯಲ್ಲಿ ಚಿರತೆ ನೂರೈವತ್ತು ವರ್ಷ ಬದುಕಿತು. ಎರಡನೆಯದನ್ನು ಊರು ಬೇಗ ಅರಿತರೆ ಅದರ ಮರಿಗಳಿಗೂ ಜಾಗ ಉಳಿದೀತು.