ಚೋಮನ ಎತ್ತು, ಗೋಪಾಲಯ್ಯನ ಕಾಡು

ನಮ್ಮ ತೆಕ್ಕಟ್ಟೆಯ ನೆರೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ‘ಚೋಮನ ದುಡಿ’ (1933) ಅಸ್ಪೃಶ್ಯತೆಯ ಕಾದಂಬರಿ, ‘ಬೆಟ್ಟದ ಜೀವ’ (1943) ನಿಸರ್ಗದ ಕಾದಂಬರಿ ಎಂದು ಪಾಠ ಹೇಳುವುದು ರೂಢಿ. ಈ ವಿಂಗಡಣೆಯ ಬಗ್ಗೆಯೇ ನನ್ನ ತಕರಾರು. ಸುಬ್ರಹ್ಮಣ್ಯದ ಕಡೆಯ ಬೆಟ್ಟದಲ್ಲಿ ಬ್ರಾಹ್ಮಣ ಗೋಪಾಲಯ್ಯ ಕಾಡು ಕಡಿದು ಅಡಿಕೆ ತೋಟ ಮಾಡಿದರೆ ಅದು ನಿಸರ್ಗದೊಡನೆ ಹೋರಾಟ. ಚೋಮನಿಗೂ ಎತ್ತಿನ ಜೋಡಿಯಿತ್ತು, ತೋಳಲ್ಲಿ ಕಸುವಿತ್ತು. ಅವನ ಬೇಸಾಯಕ್ಕೆ ಅಡ್ಡ ನಿಂತದ್ದು ಮಳೆಯಲ್ಲ, ಹುಲಿಯಲ್ಲ; ಜಾತಿ. ಧಣಿಯ ಗದ್ದೆಯ ಕೆಸರಲ್ಲಿ ದುಡಿಯಬಹುದು, ತನಗಾಗಿ ಒಂದು ತುಂಡು ಉಳುವ ಹಾಗಿಲ್ಲ. ಅವನ ಮಗ ನೀರಲ್ಲಿ ಮುಳುಗುವಾಗಲೂ ಕೈ ಕಟ್ಟಿಹಾಕಿದ್ದು ಮೈಲಿಗೆಯೇ. ಹಾಗಿರುವಾಗ ನಿಸರ್ಗ ಎಲ್ಲರಿಗೂ ಒಂದೇ ಅನ್ನುವುದು ಹ್ಯಾಗೆ? 1974ರ ಭೂಸುಧಾರಣೆ ಚಾಲಗೇಣಿದಾರರನ್ನು ಒಡೆಯರನ್ನಾಗಿಸಿತು. ಗೇಣಿಗೂ ಗದ್ದೆ ಸಿಗದ ಚೋಮನಂಥವರಿಗೆ ಆ ದಾರಿಯೂ ಇರಲಿಲ್ಲ. ‘ಚೋಮನ ದುಡಿ’ಯೂ ಮಣ್ಣಿನ ಕಾದಂಬರಿಯೇ, ಮಣ್ಣು ಸಿಗದವನ ಕಡೆಯಿಂದ ಬರೆದದ್ದು, ಅಷ್ಟೇ.