ಸಾಹೇಬರ ಸಂಬಳ, ರೈತರ ಬೆಳ್ಳಿ

ಹೊರದೇಶದಲ್ಲಿ ದುಡಿದು ಊರಿಗೆ ಹಣ ಕಳಿಸುವವರ ಲೆಕ್ಕದಲ್ಲಿ ಯಾವಾಗಲೂ ಎರಡು ನಾಣ್ಯಗಳಿರುತ್ತವೆ. ಸಂಬಳ ಬರುವುದು ಒಂದರಲ್ಲಿ. ಮಕ್ಕಳ ಫೀಸು, ಮನೆಸಾಲ, ಹೆತ್ತವರ ಖರ್ಚು ಇನ್ನೊಂದರಲ್ಲಿ. ನಡುವಿನ ದರ ಏರುಪೇರಾದರೆ ನಷ್ಟ ಯಾರದು? ಇಂದು ದುಬೈಯಲ್ಲೋ ಲಂಡನ್ನಿನಲ್ಲೋ ಇರುವ ಭಾರತೀಯರನ್ನು ಕಾಡುವ ಈ ಪ್ರಶ್ನೆ, 19ನೇ ಶತಮಾನದ ಕೊನೆಯಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳನ್ನು ಇಪ್ಪತ್ತು ವರ್ಷ ಕಾಡಿತ್ತು. ಅವರ ಸಂಬಳ ರೂಪಾಯಿಯಲ್ಲಿ, ಸಂಸಾರದ ಖರ್ಚು ಪೌಂಡಿನಲ್ಲಿ.

ಆಗಿನ ರೂಪಾಯಿ ಎಂದರೆ ಒಂದು ತೊಲ ತೂಕದ ಬೆಳ್ಳಿಯ ನಾಣ್ಯ. ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಯಾರು ಬೇಕಾದರೂ ಬೆಳ್ಳಿ ಒಯ್ದು, ಅಲ್ಪ ಶುಲ್ಕ ಕೊಟ್ಟು, ಟಂಕಸಾಲೆಯಲ್ಲಿ ರೂಪಾಯಿ ಮಾಡಿಸಿಕೊಳ್ಳಬಹುದಿತ್ತು. ಇಂಗ್ಲೆಂಡಿನ ಪೌಂಡು ಚಿನ್ನದ್ದು. ಹಾಗಾಗಿ ರೂಪಾಯಿಗೂ ಪೌಂಡಿಗೂ ಇದ್ದ ದರ ನಿಜದಲ್ಲಿ ಬೆಳ್ಳಿಗೂ ಚಿನ್ನಕ್ಕೂ ಇದ್ದ ದರವೇ. ಒಂದು ಪೌಂಡಿಗೆ 20 ಶಿಲ್ಲಿಂಗ್, ಒಂದು ಶಿಲ್ಲಿಂಗಿಗೆ 12 ಪೆನ್ಸ್. 1870ರ ಸುಮಾರಿಗೆ ಒಂದು ರೂಪಾಯಿಗೆ ಹತ್ತಿರ ಹತ್ತಿರ 2 ಶಿಲ್ಲಿಂಗ್ ಸಿಗುತ್ತಿತ್ತು. ಹತ್ತು ರೂಪಾಯಿಗೆ ಒಂದು ಪೌಂಡು ಎಂಬ ಸುಲಭ ಲೆಕ್ಕಕ್ಕೆ ಎಲ್ಲರೂ ಒಗ್ಗಿಹೋಗಿದ್ದರು.

ಆ ಲೆಕ್ಕ ಕೆಟ್ಟದ್ದು ಭಾರತದ ಹೊರಗೆ. ಒಗ್ಗೂಡಿದ ಜರ್ಮನಿ 1871ರಿಂದ 1873ರ ನಡುವೆ ಬೆಳ್ಳಿಯನ್ನು ಬಿಟ್ಟು ಚಿನ್ನದ ನಾಣ್ಯಕ್ಕೆ ಬದಲಾಯಿತು. ಫ್ರಾನ್ಸ್ ಮತ್ತು ಅದರ ಜೊತೆಗಾರ ದೇಶಗಳು ಬೆಳ್ಳಿಯ ಟಂಕಿಸುವಿಕೆಯನ್ನು ಮೊದಲು ಮಿತಿಗೊಳಿಸಿ, ಆಮೇಲೆ ನಿಲ್ಲಿಸಿದವು. ಅದೇ ಹೊತ್ತಿಗೆ ಅಮೆರಿಕದ ನೆವಾಡದ ಗಣಿಗಳಿಂದ ಬೆಳ್ಳಿ ಹರಿದುಬರುತ್ತಿತ್ತು. ಕೊಳ್ಳುವವರು ಕಡಿಮೆಯಾಗಿ ಮಾಲು ಹೆಚ್ಚಿತು. 1892-93ರ ಹೊತ್ತಿಗೆ ರೂಪಾಯಿಯ ದರ 1 ಶಿಲ್ಲಿಂಗ್ 3 ಪೆನ್ಸಿಗೆ ಇಳಿದಿತ್ತು.

ಇದನ್ನು ಒಬ್ಬ ಅಧಿಕಾರಿಯ ಮನೆಲೆಕ್ಕಕ್ಕೆ ಇಳಿಸಿ ನೋಡಬಹುದು. ಇಂಗ್ಲೆಂಡಿನಲ್ಲಿ ಓದುವ ಮಕ್ಕಳಿಗಾಗಿ ವರ್ಷಕ್ಕೆ 200 ಪೌಂಡ್ ಕಳಿಸಬೇಕು ಎಂದುಕೊಳ್ಳಿ. 2 ಶಿಲ್ಲಿಂಗಿನ ಕಾಲದಲ್ಲಿ ಅದಕ್ಕೆ 2,000 ರೂಪಾಯಿ ಸಾಕು. 1 ಶಿಲ್ಲಿಂಗ್ 3 ಪೆನ್ಸಿನ ಕಾಲದಲ್ಲಿ 3,200 ರೂಪಾಯಿ ಬೇಕು. ಸಂಬಳ ಮಾತ್ರ ಅಷ್ಟೇ. ದರ ಏರಲಿ, ಆಮೇಲೆ ಕಳಿಸೋಣ ಎಂದು ಕಾದವರು ಸಾಮಾನ್ಯವಾಗಿ ಇನ್ನಷ್ಟು ಕಳೆದುಕೊಂಡರು. ನಡುನಡುವೆ ಚೇತರಿಕೆ ಕಂಡರೂ ಇಪ್ಪತ್ತು ವರ್ಷದ ಒಟ್ಟು ದಿಕ್ಕು ಇಳಿಮುಖವೇ ಆಗಿತ್ತು. ಪಿಂಚಣಿಯಲ್ಲೂ ಇದೇ ಭೇದ. ಸಿವಿಲ್ ಸರ್ವಿಸಿನ ಮೇಲುಸ್ತರದವರಿಗೆ ವರ್ಷಕ್ಕೆ 1,000 ಪೌಂಡ್ ಎಂದು ಚಿನ್ನದಲ್ಲೇ ನಿಗದಿಯಾಗಿತ್ತು. ಕೆಳಸ್ತರದವರ ಪಿಂಚಣಿ ರೂಪಾಯಿಯಲ್ಲಿತ್ತು, ಹಡಗು ಹತ್ತಿ ಊರಿಗೆ ಹೋದಮೇಲೂ ಅದು ಕರಗುತ್ತಲೇ ಇತ್ತು.

ರೂಪಾಯಿಯ ಕುಸಿತ ಆಗ ಲಂಡನ್ನಿನಲ್ಲೂ ಎಷ್ಟು ಮನೆಮಾತಾಗಿತ್ತೆಂದರೆ, 1895ರಲ್ಲಿ ರಂಗಕ್ಕೆ ಬಂದ ಆಸ್ಕರ್ ವೈಲ್ಡನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ನಾಟಕದ ಟೀಚರಮ್ಮ, ಅರ್ಥಶಾಸ್ತ್ರದ ಪುಸ್ತಕದಲ್ಲಿ ಆ ಅಧ್ಯಾಯವೊಂದನ್ನು ಓದಬೇಡವೆಂದು ಶಿಷ್ಯೆಗೆ ಹೇಳುತ್ತಾಳೆ. ಎಳೆಯ ಮನಸ್ಸಿಗೆ ಅದು ತೀರಾ ರೋಚಕವಂತೆ.

ಸರ್ಕಾರದ ಸಂಕಟ ಅಧಿಕಾರಿಗಳದ್ದರ ದೊಡ್ಡ ರೂಪ. ಸಾಲದ ಬಡ್ಡಿ, ಪಿಂಚಣಿ, ರೈಲ್ವೆಯ ಖಾತರಿ ಲಾಭ, ಸೈನ್ಯದ ಖರ್ಚು ಎಂದು ಭಾರತ ಸರ್ಕಾರ ಪ್ರತಿವರ್ಷ ಲಂಡನ್ನಿಗೆ ಪೌಂಡಿನಲ್ಲಿ ಹಣ ಕಟ್ಟಬೇಕಿತ್ತು. ಇದಕ್ಕಾಗಿ ಲಂಡನ್ನಿನಲ್ಲಿದ್ದ ಭಾರತ ಸಚಿವ ಹುಂಡಿಗಳನ್ನು ಹರಾಜು ಹಾಕುತ್ತಿದ್ದ. ಭಾರತದ ಹತ್ತಿ, ಸೆಣಬು ಕೊಳ್ಳುವ ವ್ಯಾಪಾರಿಗಳು ಪೌಂಡು ಕೊಟ್ಟು ಆ ಹುಂಡಿ ಪಡೆದು, ಇಲ್ಲಿನ ಖಜಾನೆಗಳಲ್ಲಿ ರೂಪಾಯಿ ಮಾಡಿಕೊಳ್ಳುತ್ತಿದ್ದರು. 1892-93ರಲ್ಲಿ ಹೀಗೆ ಕಳಿಸಿದ್ದು ಸುಮಾರು 1.65 ಕೋಟಿ ಪೌಂಡ್. ಅದಕ್ಕೆ 26 ಕೋಟಿ ರೂಪಾಯಿಗೂ ಹೆಚ್ಚು ಬೇಕಾಯಿತು. 1873-74ರ ದರವೇ ಉಳಿದಿದ್ದರೆ ಸುಮಾರು 8.7 ಕೋಟಿ ಕಡಿಮೆ ಸಾಕಿತ್ತು. ಈ ಕಂದಕ ತುಂಬಲು ತೆರಿಗೆಯೇ ದಾರಿ. 1888ರಲ್ಲಿ ಉಪ್ಪಿನ ಸುಂಕ ಮಣಕ್ಕೆ 2 ರೂಪಾಯಿಯಿಂದ ಎರಡೂವರೆಗೆ ಏರಿತು.

ಕುಸಿತದಿಂದ ಲಾಭ ಪಡೆದವರೂ ಇದ್ದರು. ಕೋಲಾರದ ಗಣಿಗಳು ಇದಕ್ಕೆ ಹತ್ತಿರದ ಉದಾಹರಣೆ. ಅಲ್ಲಿ ಕೂಲಿ ಬೆಳ್ಳಿಯ ರೂಪಾಯಿಯಲ್ಲಿ, ತೆಗೆದ ಮಾಲು ಚಿನ್ನ, ಮಾರಾಟ ಲಂಡನ್ನಿನಲ್ಲಿ. ರೂಪಾಯಿ ಇಳಿದಷ್ಟೂ ಆಳದಲ್ಲಿ ದುಡಿಯುವವನ ಕೂಲಿ ಪೌಂಡಿನ ಲೆಕ್ಕದಲ್ಲಿ ಅಗ್ಗವಾಗುತ್ತಿತ್ತು. ಒಂದೇ ದರದ ಇಳಿತ ಸಾಹೇಬರ ಮನೆಗೆ ನಷ್ಟ, ಗಣಿಯ ಷೇರುದಾರರಿಗೆ ಅನುಕೂಲ.

ಕೊನೆಗೆ ಹರ್ಷೆಲ್ ಸಮಿತಿಯ ಸಲಹೆಯಂತೆ, 1893ರ ಜೂನ್ 26ರಂದು ಸಿಮ್ಲಾದಲ್ಲಿ ಕಾನೂನೊಂದು ಪಾಸಾಯಿತು. ಟಂಕಸಾಲೆಗಳು ಇನ್ನು ಜನರ ಬೆಳ್ಳಿಯನ್ನು ನಾಣ್ಯ ಮಾಡಿಕೊಡುವುದಿಲ್ಲ. ರೂಪಾಯಿ ವಿರಳವಾದರೆ ಅದರ ಬೆಲೆ ಏರುತ್ತದೆ ಎಂಬುದು ತರ್ಕ. ಅದೇ ವರ್ಷ ಅಧಿಕಾರಿಗಳಿಗೆ ವಿನಿಮಯ ಪರಿಹಾರ ಭತ್ಯೆಯೂ ದೊರೆಯಿತು. ಅರ್ಧ ಸಂಬಳಕ್ಕೆ, ವರ್ಷಕ್ಕೆ 1,000 ಪೌಂಡಿನ ಮಿತಿಯೊಳಗೆ, 1 ಶಿಲ್ಲಿಂಗ್ 6 ಪೆನ್ಸಿನ ವಿಶೇಷ ದರ. ಪೇಟೆಯ ದರ ಅದಕ್ಕಿಂತ ಎಷ್ಟು ಕೆಳಗಿದ್ದರೂ ವ್ಯತ್ಯಾಸವನ್ನು ಸರ್ಕಾರ ತುಂಬಿಕೊಡುತ್ತಿತ್ತು. ದರ 1 ಶಿಲ್ಲಿಂಗ್ 3 ಪೆನ್ಸ್ ಇದ್ದಾಗ, ತಿಂಗಳಿಗೆ 1,000 ರೂಪಾಯಿ ಪಡೆಯುವವನಿಗೆ ಇನ್ನೂ 100 ರೂಪಾಯಿ.

ಭತ್ಯೆ ಸಿಗುತ್ತಿದ್ದದ್ದು ಭಾರತದಲ್ಲಿ ಕಾಯಂ ನೆಲೆಸದ ಯುರೋಪಿಯನ್ ಮತ್ತು ಯುರೇಷಿಯನ್ ನೌಕರರಿಗೆ. ಪಕ್ಕದ ಕುರ್ಚಿಯಲ್ಲಿ ಕೂತು ಅದೇ ಕೆಲಸ ಮಾಡುವ ಭಾರತೀಯ ಈ ನಿಯಮದ ಹೊರಗೆ. ಆ ವರ್ಷದ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ದಾದಾಭಾಯಿ ನವರೋಜಿಯವರ ಅಧ್ಯಕ್ಷತೆಯಲ್ಲಿ ಸೇರಿದ ಕಾಂಗ್ರೆಸ್, ಟಂಕಸಾಲೆ ಮುಚ್ಚಿದ್ದನ್ನೂ ಈ ಭತ್ಯೆಯನ್ನೂ ಪ್ರತಿಭಟಿಸಿತು. ಕಂದಾಯ ಕಟ್ಟುವವನಿಗೆ ರೂಪಾಯಿಯ ಬೆಲೆ ಏರುವುದೆಂದರೆ ಹೇಳದೆ ಏರಿಸಿದ ತೆರಿಗೆ ಎಂಬುದು ನವರೋಜಿಯವರ ವಾದವಾಗಿತ್ತು. ಹೆಚ್ಚು ಬೆಲೆಯ ರೂಪಾಯಿಯನ್ನು ಸಂಪಾದಿಸಲು ಹೆಚ್ಚು ಧಾನ್ಯ ಮಾರಬೇಕು.

ರೈತರಿಗೆ ಇನ್ನೊಂದು ಪೆಟ್ಟು ಬಿತ್ತು. ಹಳ್ಳಿಯ ಮನೆಗಳಲ್ಲಿ ಉಳಿತಾಯವೆಂದರೆ ಕಾಲ್ಗಡಗ, ಡಾಬು, ಕಡಗಗಳ ಬೆಳ್ಳಿ. ಟಂಕಸಾಲೆ ತೆರೆದಿದ್ದಷ್ಟು ಕಾಲ ಒಂದು ತೊಲ ಬೆಳ್ಳಿ ಹೆಚ್ಚುಕಡಿಮೆ ಒಂದು ರೂಪಾಯಿಯೇ. 1893ರ ನಂತರ ಬೆಳ್ಳಿ ಬೇರೆ, ರೂಪಾಯಿ ಬೇರೆ. ಬೆಳ್ಳಿಯ ಬೆಲೆ ಜಗತ್ತಿನ ಪೇಟೆಯೊಂದಿಗೆ ಇಳಿಯುತ್ತಾ ಹೋಯಿತು. ಕಂದಾಯ, ಸಾಲ ತೀರಿಸಬೇಕಾದದ್ದು ರೂಪಾಯಿಯಲ್ಲೇ. 1896-97ರಲ್ಲೂ 1899-1900ರಲ್ಲೂ ಭೀಕರ ಬರ ಬಿದ್ದಾಗ ಒಡವೆ ಮಾರಲು ಹೋದವರ ಕೈಗೆ ಹಿಂದಿಗಿಂತ ಕಡಿಮೆ ಬಂತು.

ಟಂಕಸಾಲೆ ಮುಚ್ಚಿದ ಕೂಡಲೇ ದರ ಏರಲಿಲ್ಲ. ಮೊದಲು ಇನ್ನೂ ಇಳಿದು, ಆಮೇಲೆ ಏರುತ್ತಾ 1898ರ ಹೊತ್ತಿಗೆ 1 ಶಿಲ್ಲಿಂಗ್ 4 ಪೆನ್ಸಿಗೆ ಬಂತು. 1899ರಲ್ಲಿ ಸರ್ಕಾರ ಅದನ್ನೇ ಗಟ್ಟಿಮಾಡಿ, ಒಂದು ಚಿನ್ನದ ಪೌಂಡಿಗೆ 15 ರೂಪಾಯಿ ಎಂದು ಗೊತ್ತುಪಡಿಸಿತು. ಅಧಿಕಾರಿಗಳ ಅನಿಶ್ಚಿತತೆ ಅಲ್ಲಿಗೆ ಮುಗಿಯಿತು. ಆದರೂ 4 ಪೆನ್ಸ್ 6 ಪೆನ್ಸಿಗಿಂತ ಕಡಿಮೆಯೇ ಆದ್ದರಿಂದ ಭತ್ಯೆ ಸಂಬಳದ ಶೇಕಡಾ ಆರೂಕಾಲರಷ್ಟಾಗಿ ಉಳಿಯಿತು.

ದರವನ್ನು ಬೆಳ್ಳಿಯ ಪೇಟೆ ಇಳಿಸಿತ್ತು. ಆ ನಷ್ಟ ಯಾರ ಪಾಲಿಗೆ ಎಂಬುದನ್ನು ತೀರ್ಮಾನಿಸಿದ್ದು ಸರ್ಕಾರ. ಮಕ್ಕಳ ಫೀಸಿಗೆ ಕಡಿಮೆಬಿದ್ದ ಪೌಂಡುಗಳಿಗೆ ಅದು ನಿಯಮ, ಮಿತಿ, ಶೇಕಡಾವಾರು ಎಲ್ಲ ಗೊತ್ತುಮಾಡಿತು. ಕಾಲ್ಗಡಗದ ಬೆಳ್ಳಿಯಲ್ಲಿ ಕಡಿಮೆಬಿದ್ದ ರೂಪಾಯಿಗಳಿಗೆ ಅಂಥ ಭತ್ಯೆ ಇರಲಿಲ್ಲ.