ಮನೆ ದೊಡ್ಡದಾ, ಏರಿಯಾ ದೊಡ್ಡದಾ?

ಮೊನ್ನೆ ಭಾನುವಾರ ನಮ್ಮನೇಲಿ ಮತ್ತೆ ಅದೇ ಮಾತು. ಮೊದಲ ಸ್ವಂತ ಮನೆ ತಗೋಬೇಕು. ಕೈಲಿರೋ ದುಡ್ಡು ಒಂದೇ, ಎದುರಿಗಿರೋ ದಾರಿ ಎರಡು. ಬಸವೇಶ್ವರನಗರದಲ್ಲಿ 9 ಚದರದ ಹಳೇ ಫ್ಲಾಟು, ಇಲ್ಲಾಂದ್ರೆ ಕೆಂಗೇರಿಯಿಂದಾಚೆ ಒಂದು ರೆವಿನ್ಯೂ ಲೇಔಟಿನ ಥರ್ಟಿ-ಫಾರ್ಟಿ ಸೈಟಲ್ಲಿ ಕಟ್ಟಿರೋ 18 ಚದರದ ಮನೆ. ಹೆಂಡತಿ "ಏರಿಯಾ ಮುಖ್ಯ ರೀ" ಅಂತಾಳೆ. ಅಮ್ಮ "ತುಳಸಿ ಕಟ್ಟೆಗೆ ಜಾಗ ಇಲ್ಲದ್ದು ಅದೂ ಒಂದು ಮನೇನೇನೋ?" ಅಂತಾರೆ. ನಾನು ಇಬ್ಬರಿಗೂ ಹ್ಞೂಂಗುಟ್ಟಿ, ನಮ್ಮ ಪಡುವಣ ಬೆಂಗಳೂರಿನ ಚರಿತ್ರೆ ಏನು ಹೇಳುತ್ತೋ ನೋಡೋಣ ಅಂತ ಕೂತೆ.

ಈ ಪ್ರಶ್ನೆ ಇವತ್ತಿನದಲ್ಲ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಒತ್ತೊತ್ತಾದ ಓಣಿಗಳಲ್ಲಿ ಜನ ತತ್ತರಿಸಿಹೋದರು. ಅಲ್ಲಿ ದೊಡ್ಡ ತೊಟ್ಟಿ ಮನೆಗಳೂ ಇದ್ದವು. ಆದರೆ ಮನೆ ದೊಡ್ಡದಿದ್ದ ಮಾತ್ರಕ್ಕೆ ಓಣಿಯ ರೋಗ ಬಾಗಿಲಾಚೆ ನಿಲ್ಲುತ್ಯೆ? ಆಮೇಲೆ ಎದ್ದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಅಗಲ ರಸ್ತೆ, ಚರಂಡಿ, ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ ಎಲ್ಲಾ ನಕ್ಷೆಯಲ್ಲೇ ಬಂದವು. ಮನೆಗಿಂತ ಮುಂಚೆ ಬಡಾವಣೆ ಅನ್ನೋ ಪಾಠ ನಮ್ಮೂರಿಗೆ ಸಿಕ್ಕಿದ್ದು ಹಾಗೆ.

ಮುಂದಿನ ಅಧ್ಯಾಯ ನಮ್ಮ ಕಡೆಯದು. 1941ರಲ್ಲಿ ಸುಮಾರು 4 ಲಕ್ಷ ಇದ್ದ ಜನಸಂಖ್ಯೆ 1951ರ ಹೊತ್ತಿಗೆ 7.8 ಲಕ್ಷದ ಹತ್ತಿರ ಬಂದಿತ್ತು. ಇಷ್ಟು ಜನ ಇರೋದೆಲ್ಲಿ? 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್, ಅಂದರೆ ನಮ್ಮ ಹಿರಿಯರ ಬಾಯಲ್ಲಿ ಸಿಐಟಿಬಿ, ಹುಟ್ಟಿತು. 1949ರಲ್ಲಿ ಆಗಿನ ಗವರ್ನರ್ ಜನರಲ್ ರಾಜಾಜಿಯವರ ಹೆಸರಲ್ಲಿ ರಾಜಾಜಿನಗರ ಶುರುವಾಯ್ತು. ಅದು ಬರೀ ವಾಸದ ಬಡಾವಣೆಯಲ್ಲ, ಕೈಗಾರಿಕಾ ಉಪನಗರ. 'ಇಂಡಸ್ಟ್ರಿಯಲ್ ಟೌನ್' ಅನ್ನೋ ಹೆಸರು ಈಗಲೂ ಉಳಿದಿದೆ. 1957ರಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆಯೂ ಈ ಕಡೆಗೇ ಬಂತು. ಕೆಲಸಕ್ಕೆ ನಡೆದು ಹೋಗೋ ದೂರದಲ್ಲಿ ಮನೆ ಅನ್ನೋದು ಆಗಿನ ಲೆಕ್ಕಾಚಾರ.

ನಮ್ಮಪ್ಪನದೂ ಅದೇ ಲೆಕ್ಕ. ರಾಜಾಜಿನಗರದ ಒಂದು ವಠಾರದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಐದು ಸಂಸಾರಕ್ಕೆ ಎರಡು ಬಚ್ಚಲು, ಒಂದು ನಲ್ಲಿ. ಆದರೆ ಫ್ಯಾಕ್ಟರಿ, ಶಾಲೆ, ಮಾರ್ಕೆಟ್ಟು, ಡಾಕ್ಟರು ಎಲ್ಲಾ ಕಾಲ್ನಡಿಗೆಯಲ್ಲಿ. ಎಪ್ಪತ್ತರ ದಶಕದಲ್ಲಿ ಅಪ್ಪನ ಸ್ನೇಹಿತರೊಬ್ಬರು ವಿಜಯನಗರದ ಕಡೆ ಸೈಟು ಹಾಕಿ ಅಂತ ದುಂಬಾಲು ಬಿದ್ದರಂತೆ. "ಅಲ್ಲಿ ಸಂಜೆಯಾದ್ರೆ ನರಿ ಕೂಗುತ್ತೆ, ಯಾರ್ರೀ ಹೋಗ್ತಾರೆ" ಅಂತ ಅಪ್ಪ ನಕ್ಕುಬಿಟ್ರು. ಆ ಸ್ನೇಹಿತರ ಮನೆ ಬಾಗಿಲಿಗೆ ಈಗ ಮೆಟ್ರೋ ಹತ್ತಿರ. ಅಪ್ಪ ಬಾಡಿಗೆ ಮನೆಯಲ್ಲೇ ತೀರಿಕೊಂಡರು.

ಹಾಗಾದ್ರೆ ದೂರ ಹೋದವರೇ ಜಾಣರಾ? ನಾನೂ ಬಹಳ ದಿನ ಹಾಗೇ ಅಂದ್ಕೊಂಡಿದ್ದೆ. ಆದರೆ ಇಸವಿಗಳನ್ನ ಪಕ್ಕಪಕ್ಕ ಇಟ್ಟು ನೋಡಿದಾಗ ಬೇರೆ ಒಂದು ಸಂಗತಿ ಕಾಣಿಸ್ತು. ಸಿಐಟಿಬಿಯಾಗಲಿ, 1976ರಲ್ಲಿ ಅದರ ಜಾಗಕ್ಕೆ ಬಂದ ಬಿಡಿಎ ಆಗಲಿ, ಕ್ರಮ ಒಂದೇ: ಮೊದಲು ಜಮೀನು ವಶ, ನಕ್ಷೆ, ರಸ್ತೆ, ಚರಂಡಿ. ಆಮೇಲೆ ಮನೆ. ಕ್ರಮ ಕಾಗದದಲ್ಲಿದ್ದಷ್ಟು ನೆಟ್ಟಗೆ ಯಾವಾಗಲೂ ನಡೀಲಿಲ್ಲ ಅನ್ನೋದು ಬೇರೆ ಮಾತು. ರೆವಿನ್ಯೂ ಲೇಔಟಿನಲ್ಲಿ ಇದೆಲ್ಲಾ ತಲೆಕೆಳಗು. ಹೊಲಕ್ಕೆ ಕಲ್ಲು ನೆಟ್ಟು ಸೈಟು ಮಾರ್ತಾರೆ, ಜನ ಮನೆ ಕಟ್ತಾರೆ, ಆಮೇಲೆ ರಸ್ತೆಗೂ ನೀರಿಗೂ ಖಾತೆಗೂ ವರ್ಷಗಟ್ಟಲೆ ಓಡಾಟ. ಅಪ್ಪನ ಸ್ನೇಹಿತರು ಹೋದದ್ದು ದೂರಕ್ಕೆ ನಿಜ, ಆದರೆ ನಕ್ಷೆ ಇದ್ದ ದೂರಕ್ಕೆ.

ನೀರಿನ ಕತೆ ನೋಡಿ. 1933ರಲ್ಲಿ ಮುಗಿದ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು ಊರಿನ ಪಶ್ಚಿಮ ಭಾಗಗಳನ್ನ ದಶಕಗಳ ಕಾಲ ಸಾಕಿತು. ಕಾವೇರಿಯ ಮೊದಲ ಹಂತ ಬಂದದ್ದು 1974ರಲ್ಲಿ. ಕೆಂಗೇರಿ ಪುರಸಭೆ ಬಿಬಿಎಂಪಿಗೆ ಸೇರಿದ್ದೇ 2007ರಲ್ಲಿ. ಅದೇ ಸಲ ಸೇರಿದ 110 ಹಳ್ಳಿಗಳಿಗೆ ಅಂತಲೇ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ! ಹದಿನೇಳು ವರ್ಷ. ಅಷ್ಟರಲ್ಲಿ ಒಂದು ಮಗು ಹುಟ್ಟಿ ಪಿಯುಸಿ ಓದುತ್ತೆ.

ಮೆಟ್ರೋನೂ ಹಾಗೇ. ರಾಜಾಜಿನಗರಕ್ಕೆ 2014, ವಿಜಯನಗರಕ್ಕೆ 2015, ಕೆಂಗೇರಿಗೆ 2021. ಇನ್ನು ವೃಷಭಾವತಿ... ನಮ್ಮ ಕಡೆಯ ಬಡಾವಣೆಗಳ ಕೊಳೆಯನ್ನೆಲ್ಲ ಹೊತ್ತು ಮೈಸೂರು ರಸ್ತೆ ಪಕ್ಕದಲ್ಲೇ ಕೆಂಗೇರಿ ಕಡೆ ಹರಿಯುತ್ತೆ. ಮೇಲಿನವರು ಚೊಕ್ಕಟವಾಗಿ ಬದುಕಿದ್ದರ ವಾಸನೆ ಕೆಳಗಿನವರಿಗೆ. ಮೂಗಿಗೆ ಚದರಡಿ ಲೆಕ್ಕ ಗೊತ್ತಾಗಲ್ಲ.

ನನಗೆ ಹೊಳೆದದ್ದು ಇಷ್ಟು. ನಾವು ತೂಗ್ತಾ ಇರೋದು ಮನೆ ಮತ್ತು ಏರಿಯಾ ಅಲ್ಲ, ಕಾಯೋ ವರ್ಷಗಳನ್ನ. ಹಳೇ ಬಡಾವಣೆಯಲ್ಲಿ ಕೊಡೋ ಹೆಚ್ಚಿನ ದುಡ್ಡು ನಮಗಿಂತ ಮೊದಲು ಬಂದವರು ಕಾದದ್ದರ ಬೆಲೆ. ಹೊಸತರಲ್ಲಿ ಉಳಿಯೋ ದುಡ್ಡು ಇನ್ನು ಮುಂದೆ ನಾವು ಕಾಯೋದಕ್ಕೆ ಸಿಗೋ ಕೂಲಿ. ವಯಸ್ಸಿದ್ದವರು, ಕಾಗದ ಸರಿಯಿರೋ ಕಡೆ, ಕಾಯಬಹುದು. ನನ್ನಮ್ಮನಿಗೆ ಎಪ್ಪತ್ನಾಲ್ಕು.

ಮತ್ತೆ ಕೆಂಗೇರಿಯಾಚೆ ಹೋಗಿ ಮನೆ ಮಾರುವವರಿಗೆ ಮೂರೇ ಪ್ರಶ್ನೆ ಕೇಳಿದೆ. ಚರಂಡಿ ನೀರು ಎಲ್ಲಿಗೆ ಹೋಗುತ್ತೆ? ಕಾವೇರಿ ಕನೆಕ್ಷನ್ ಇದೆಯಾ? ಖಾತೆ ಎ ನಾ ಬಿ ನಾ? "ಎಲ್ಲಾ ಬರುತ್ತೆ ಸಾರ್" ಅಂದ್ರು. ಬರುತ್ತೆ, ಸುಳ್ಳಲ್ಲ. ಯಾವಾಗ ಅನ್ನೋದೇ ಪ್ರಶ್ನೆ.

ಬಸವೇಶ್ವರನಗರದ ಫ್ಲಾಟಿಗೆ ಅಡ್ವಾನ್ಸ್ ಕೊಟ್ಟೆವು. ಅಮ್ಮನ ಮಂಚ ಹಾಲಿನಲ್ಲೇ. ಊರಿಂದ ಅಕ್ಕ-ಭಾವ ಬಂದ್ರೆ ಮಲಗೋದಕ್ಕೆ ಜಾಗ ಹುಡುಕಬೇಕು. ಅಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಮೊನ್ನೆ ಕೆಳಗಿಳಿದು ಒಬ್ಬರೇ ದೇವಸ್ಥಾನಕ್ಕೆ ಹೋಗಿ, ದಾರಿಯಲ್ಲೇ ಸೊಪ್ಪು ತಗೊಂಡು ಬರಬಹುದಾ ಅಂತ ಅಳೆದು ನೋಡ್ಕೊಂಡು ಬಂದ್ರು. "ಹತ್ತು ನಿಮಿಷ ಆಯ್ತು ಕಣೋ" ಅಂದ್ರು, ಅಷ್ಟೇ.

ನೀವು ಮನೆ ಮಾಡಿದಾಗ ಯಾವುದನ್ನ ಬಿಟ್ರಿ, ಯಾವುದನ್ನ ಇಟ್ಕೊಂಡ್ರಿ? ತಿಳಿಸಿ.